‘ತೊಗರಿ’ ಕಳಿಸಿದರೆ ‘ಥಕಟದ’ ಬಂತು: ವಾಸನೆಯಲ್ಲಿ ಸಂದೇಶ ಕಳಿಸಿದ ಒಂದು ಪ್ರಕರಣ

ಪರದೆ ಮೇಲೆ ಮೊದಲು ಥ ಬಂತು. ಆಮೇಲೆ ಕ, ಟ, ದ ಒಂದೊಂದಾಗಿ ಬಂದವು. ಐದನೆಯದಕ್ಕೆ ಅಕ್ಷರವೇ ಇಲ್ಲ, ಬರೀ ಪ್ರಶ್ನೆ ಚಿಹ್ನೆ. ಕೊನೆಗೆ ಪ. ಹುಡುಗರು ಆ ಕಡೆಯಿಂದ ಕಳಿಸಿದ್ದು ‘ತೊಗರಿ’. ಈ ಕಡೆ ಬಂದದ್ದನ್ನು ಓದಿದರೆ ಯಾರೋ ತಬಲಾ ಬೋಲ್ ಹೇಳಿದ ಹಾಗಿತ್ತು. ಥಕಟದ, ಒಂದು ಖಾಲಿ ಪೆಟ್ಟು, ಪ. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ, ಯಾಕಂದ್ರೆ ವೈವಾಗೆ, ಅಂದರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಗೆ, ಆರೇ ವಾರ ಉಳಿದಿತ್ತು.

ಆ ತಪ್ಪು ಎಲ್ಲಿಂದ ಬಂತು, ಅದನ್ನು ಹುಡುಕುತ್ತಾ ನಾವು ಎಲ್ಲೆಲ್ಲಿ ದಾರಿ ತಪ್ಪಿದೆವು ಅನ್ನೋದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಮುಂದಿನ ವರ್ಷ ಇಂಥದ್ದೇ ಪ್ರಾಜೆಕ್ಟ್ ಹಿಡಿದುಕೊಂಡು ಯಾರಾದರೂ ನನ್ನ ಅಂಗಡಿಗೆ ಬಂದರೆ ಮೊದಲಿಂದ ಹೇಳೋ ಕೆಲಸ ತಪ್ಪುತ್ತೆ.

ನನ್ನದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿ. ರಿಪೇರಿ ಮಾಡ್ತೀನಿ, ಬಿಡಿಭಾಗ ಮಾರ್ತೀನಿ. ಫೆಬ್ರವರಿ ಬಂತು ಅಂದರೆ ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗರು ಮುತ್ತಿಕೊಳ್ತಾರೆ, ಶರಣಬಸವೇಶ್ವರ ಜಾತ್ರೆಗೆ ಮುಂಚೆ ನಮ್ಮಲ್ಲೇ ಒಂದು ಜಾತ್ರೆ. ಎಲ್ಲರೂ ಕೇಳೋದು ಅದದೇ. ನೀರಿನ ಟ್ಯಾಂಕ್ ಅಲಾರಂ, ಗ್ಯಾಸ್ ಲೀಕ್, ಗೆರೆ ಹಿಡಿದು ಓಡೋ ರೋಬೋ. ಈ ಮೂವರು ಮಾತ್ರ ಬಂದು ಬೇರೆ ಏನೋ ಕೇಳಿದರು.

“ಅಣ್ಣಾ, ವಾಸನಿ ಹಿಡಿಯೋ ಸೆನ್ಸರ್ ಅದ ಏನ್ರಿ? ಹುಳಾ ಮಾತಾಡ್ದಂಗ ಎರಡು ಡಬ್ಬಿ ಮಾತಾಡ್ಬೇಕು ನೋಡ್ರಿ.”

ಹೇಳಿದವನು ಜೇವರ್ಗಿ ಕಡೆ ಹುಡುಗ. ಜೊತೆಗೆ ಆಳಂದದ ಒಬ್ಬ ಹುಡುಗಿ, ಬೀದರಿನ ಒಬ್ಬ ಹುಡುಗ. ಹೆಸರು ಬೇಡ, ಊರಿನ ಮೇಲೇ ಕರೀತೀನಿ.

ಈ ಆಲೋಚನೆ ಹುಟ್ಟಿದ್ದು ಜೇವರ್ಗಿ ಹುಡುಗನ ಹೊಲದಲ್ಲಿ. ಡಿಸೆಂಬರ್ ರಜೆಗೆ ಊರಿಗೆ ಹೋಗಿದ್ದ. ತೊಗರಿ ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ ಕಾಯಿಕೊರಕ ಬರುತ್ತೆ, ಅದು ಈ ಭಾಗದವರಿಗೆ ಹೇಳಿಕೊಡೋ ಮಾತಲ್ಲ. ಗಿಡ ಅಲುಗಾಡಿಸಿ ಹುಳಗಳನ್ನು ಕೆಳಗೆ ಹಾಸಿದ ಬಟ್ಟೆ ಮೇಲೆ ಉದುರಿಸೋದು ನಮ್ಮ ರೈತರ ಹಳೆ ಪದ್ಧತಿ. ಅದರ ಜೊತೆಗೆ ಅವನ ಅಪ್ಪ ಹೊಲದಲ್ಲಿ ಮೋಹಕ ಬಲೆ ಕಟ್ಟಿದ್ದರು. ನೀವೂ ನೋಡಿರ್ತೀರಿ. ಕೋಲಿನ ಮೇಲೆ ಒಂದು ಪ್ಲಾಸ್ಟಿಕ್ ಆಲಿಕೆ, ಕೆಳಗೆ ಜೋತಾಡೋ ಉದ್ದ ಚೀಲ, ಮೇಲಿನ ಮುಚ್ಚಳದೊಳಗೆ ಬೆರಳ ತುದಿಯಷ್ಟು ಒಂದು ರಬ್ಬರ್ ತುಂಡು. ಅದಕ್ಕೇ ಲ್ಯೂರ್ ಅನ್ನೋದು.

“ಇದ್ರಾಗ ಹೆಣ್ಣು ಹುಳದ ವಾಸನಿ ತುಂಬ್ಯಾರ. ಗಂಡು ಹುಳ ಹೆಣ್ಣು ಅದ ಅಂತ ಓಡಿ ಬರ್ತದ, ಚೀಲದಾಗ ಬೀಳ್ತದ,” ಅಂದರಂತೆ ಅಪ್ಪ. ಹುಡುಗನ ತಲೆಯಲ್ಲಿ ಅಲ್ಲೇ ಕೂತಿತು. ಅಂದ್ರೆ ಇದು ಸುಳ್ಳು ಸಂದೇಶ. ಕಳಿಸಿದವಳು ಇಲ್ಲ, ಸಂದೇಶ ಮಾತ್ರ ಇದೆ. ಕಂಪನಿಯವರು ರಬ್ಬರಿಗೆ ಹಚ್ಚಿ ಕಳಿಸಬಹುದು ಅಂದಮೇಲೆ ನಾವೂ ಯಾಕೆ ಕಳಿಸಬಾರದು?

ಅವನ ತರ್ಕ ಸರಿಯೇ ಇತ್ತು. ಹುಳಗಳು ಹೀಗೆ ಮಾತಾಡೋಕೆ ಬಳಸೋ ರಾಸಾಯನಿಕವನ್ನು ಮೊದಲ ಸಲ ಬೇರ್ಪಡಿಸಿ ಗುರುತಿಸಿದ್ದು 1959ರಲ್ಲಿ, ಅದೂ ರೇಷ್ಮೆ ಹುಳದಲ್ಲಿ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಯಿಂದ ಕೆಲವೇ ಮಿಲಿಗ್ರಾಂ ವಸ್ತು ತೆಗೆದು, ಅದಕ್ಕೆ ಬಾಂಬಿಕೋಲ್ ಅಂತ ಹೆಸರಿಟ್ಟಿತು. ಇಂಥ ಸಂದೇಶದ ರಾಸಾಯನಿಕಕ್ಕೆ ಫೆರೋಮೋನ್ ಅನ್ನೋ ಪದ ಹುಟ್ಟಿದ್ದೂ ಅದೇ ವರ್ಷ. ರಾಮನಗರದ ಮಾರುಕಟ್ಟೆಯಲ್ಲಿ ದಿನಾ ರಾಶಿ ಬೀಳೋ ಗೂಡಿನ ಹುಳ ಅದು, ನಮಗೆ ಯಾರಿಗೂ ಹೊಳೆದಿರಲಿಲ್ಲ.

ಯಂತ್ರಗಳೂ ಹೀಗೆ ಮಾತಾಡಿದ್ದಿದೆ. 2013ರಲ್ಲಿ ನಾರಿಮಾನ್ ಫರ್ಸಾದ್, ವೀಸಿ ಗುವೊ, ಆಂಡ್ರ್ಯೂ ಎಕ್‌ಫರ್ಡ್ ಅನ್ನೋ ಮೂವರು ಟೇಬಲ್ ಮೇಲೆ ಒಂದು ಸ್ಪ್ರೇ, ಒಂದು ಫ್ಯಾನ್, ಒಂದು ಆಲ್ಕೋಹಾಲ್ ಸೆನ್ಸರ್ ಇಟ್ಟುಕೊಂಡು ‘ಓ ಕೆನಡಾ’ ಅನ್ನೋ ಎರಡು ಪದವನ್ನು ಗಾಳಿಯಲ್ಲಿ ಕಳಿಸಿ ತೋರಿಸಿದ್ದರು. ಬೀದರ್ ಹುಡುಗ ಆ ಪ್ರಬಂಧದ ಪ್ರಿಂಟ್ ತಂದಿದ್ದ. ಅವರು ಉಪಯೋಗಿಸಿದ್ದು ಎಂಕ್ಯೂ-3 ಸೆನ್ಸರ್. ಅದು ನನ್ನ ಅಂಗಡಿಯಲ್ಲಿ ಡಬ್ಬಿ ತುಂಬಾ ಇದೆ. ಹಾಗಾಗಿ ಕೆಲಸ ಸಲೀಸು ಅಂತ ನಾನೂ ಅಂದುಕೊಂಡೆ.

ಇಟ್ಟ ಸಾಮಾನು ಹೀಗಿತ್ತು. ಕಳಿಸೋ ಕಡೆ ಮೀನಿನ ತೊಟ್ಟಿಗೆ ಹಾಕೋ ಗಾಳಿ ಮೋಟರ್, ಅದರ ಗಾಳಿ ಸರ್ಜಿಕಲ್ ಸ್ಪಿರಿಟ್ ಇರೋ ಬಾಟಲಿಯ ಮೂಲಕ ಹಾದು ಹೊರಗೆ ಬರೋ ಹಾಗೆ ಎರಡು ಟ್ಯೂಬು, ನಡುವೆ 12 ವೋಲ್ಟ್‌ನ ಒಂದು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್ ಕೊಟ್ಟರೆ ತೆರೆಯೋ ನಲ್ಲಿ. ಹಿಂದೆ ಹಳೆ ಕಂಪ್ಯೂಟರಿನ ಫ್ಯಾನು. ಎರಡು ಮೀಟರ್ ಆಚೆ ಎಂಕ್ಯೂ-3, ಅದಕ್ಕೆ ಆರ್ಡುಯಿನೊ, ಅಂದರೆ ಪ್ರೋಗ್ರಾಮ್ ಹಾಕಿ ನಡೆಸೋ ಪುಟ್ಟ ಸರ್ಕ್ಯೂಟ್ ಬೋರ್ಡ್. ಇಲ್ಲೊಂದು ಮಾತು: ಸ್ಪಿರಿಟ್ ಆವಿ ಇರೋ ಕಡೆ ಸೋಲ್ಡರಿಂಗ್ ಐರನ್ ಬಿಸಿ ಇಟ್ಟುಕೊಂಡು ಕೂರಬೇಡಿ. ನಾನು ಮೊದಲ ದಿನವೇ ಅವರನ್ನು ಬೈದು ಐರನ್ ಆಚೆ ಇಡಿಸಿದೆ.

ಭಾಷೆ ಆಳಂದದ ಹುಡುಗಿಯ ಕೆಲಸ. ಆಕೆಗೆ ಇಂಗ್ಲಿಷ್ ಅಕ್ಷರ ಕಳಿಸೋದು ಬೇಡವಾಗಿತ್ತು. ಪ್ರತಿ ಅಕ್ಷರವನ್ನೂ 0 ಮತ್ತು 1ರ ಸಾಲಾಗಿ ಬರೀಬೇಕು, ಅದರಲ್ಲಿ ಒಂದೊಂದು 0 ಅಥವಾ 1ಕ್ಕೆ ಬಿಟ್ ಅಂತಾರೆ. 5 ಬಿಟ್‌ನಲ್ಲಿ 32 ಅಕ್ಷರ ಮಾತ್ರ ಬರೀಬಹುದು, ಕನ್ನಡಕ್ಕೆ 49 ಬೇಕು. ಹಾಗಾಗಿ 6 ಬಿಟ್ ತಗೊಂಡಳು, 64 ಜಾಗ ಸಿಕ್ಕಿತು. ವರ್ಣಮಾಲೆ ಹಾಗೇ ಸಾಲಾಗಿ ಇಟ್ಟಳು. ಅ ಅಂದರೆ 0, ಆ ಅಂದರೆ 1, ಹೀಗೆ ಹೋಗಿ ಳ ಅಂದರೆ 48. ‘ತೊಗರಿ’ ಅಂದರೆ ತ, ಒ, ಗ, ಅ, ರ, ಇ, ಒಟ್ಟು ಆರು ಅಕ್ಷರ, 36 ಬಿಟ್. 1 ಇದ್ದರೆ ಎರಡು ಸೆಕೆಂಡ್ ವಾಸನೆ ಬಿಡೋದು, 0 ಇದ್ದರೆ ಸುಮ್ನೆ ಇರೋದು. ಒಂದು ಬಿಟ್‌ಗೆ 5 ಸೆಕೆಂಡ್. ಮೂರು ನಿಮಿಷಕ್ಕೆ ಒಂದು ಪದ. ಪೋಸ್ಟ್‌ಕಾರ್ಡಿಗಿಂತ ಬೇಗ, ಬೇರೆ ಎಲ್ಲದಕ್ಕಿಂತ ನಿಧಾನ. ಪದ ‘ತೊಗರಿ’ಯೇ ಯಾಕೆ ಅಂದರೆ, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಗುರುತು (ಈ ಊರಿನದ್ದೇ ಅನ್ನೋ ಭೌಗೋಳಿಕ ಗುರುತು) ಸಿಕ್ಕಿದೆ, ಎಕ್ಸ್‌ಟರ್ನಲ್‌ಗೆ (ಹೊರಗಿಂದ ಬರೋ ಪರೀಕ್ಷಕರಿಗೆ) ಖುಷಿಯಾಗ್ತದೆ ಅನ್ನೋದು ಬೀದರ್ ಹುಡುಗನ ಲೆಕ್ಕ.

ಆಮೇಲೆ ಆ ಥಕಟದ.

ಮೊದಲ ಅನುಮಾನ ಎಲ್ಲರಿಗೂ ಬರೋ ಹಾಗೆ ಸೆನ್ಸರ್ ಮೇಲೇ ಬಂತು. “ಅಣ್ಣಾ, ಪೀಸ್ ಕೆಟ್ಟದ ಕಾಣ್ತದ.” ಇದನ್ನು ನಾನು ವರ್ಷಕ್ಕೆ ನೂರು ಸಲ ಕೇಳ್ತೀನಿ. ಹೊಸ ಎಂಕ್ಯೂ-3 ತಗೊಂಡು ಹೋಗಿ ಐದು ನಿಮಿಷಕ್ಕೆ ರೀಡಿಂಗ್ ಅಲ್ಲಾಡ್ತಿದೆ ಅಂತ ವಾಪಸ್ ತರ್ತಾರೆ. ಅದರೊಳಗೆ ಒಂದು ಸಣ್ಣ ಹೀಟರ್ ಇದೆ. ಮೊದಲ ಸಲ ಕನಿಷ್ಠ 24 ಗಂಟೆ ಕರೆಂಟ್ ಕೊಟ್ಟು ಬಿಡಬೇಕು ಅಂತ ಕಂಪನಿ ಕೊಡೋ ವಿವರದ ಹಾಳೆ, ಅಂದರೆ ಡೇಟಾಶೀಟ್‌ನಲ್ಲೇ ಬರೆದಿದೆ, ಯಾರೂ ಓದಲ್ಲ. ಆದರೆ ಇವರು ಓದಿದ್ದರು, ಎರಡು ದಿನ ಬಿಟ್ಟಿದ್ದರು. ಪೀಸ್ ಸರಿ ಇತ್ತು.

ಎರಡನೆಯದು ಜೇವರ್ಗಿ ಹುಡುಗನ ಅನುಮಾನ. ವಾಸನೆ ಸಾಲ್ತಿಲ್ಲ, ಜಾಸ್ತಿ ಬಿಡೋಣ. ದೊಡ್ಡ ಮೋಟರ್ ಹಾಕಿದ. ಸ್ಪಿರಿಟ್ ಎರಡು ಪಟ್ಟು ಸುರಿದ. ಈ ಸಲ ಅಕ್ಷರವೂ ಇಲ್ಲ, ಬೋಲೂ ಇಲ್ಲ. ಆರಕ್ಕೆ ಆರೂ ಪ್ರಶ್ನೆ ಚಿಹ್ನೆ. ಅಂಗಡಿ ತುಂಬಾ ಆಸ್ಪತ್ರೆ ವಾರ್ಡಿನ ನಾತ. ಬಂದ ಗಿರಾಕಿ ಒಬ್ಬರು ಯಾರಿಗೆ ಹುಷಾರಿಲ್ಲ ಅಂತ ಕೇಳಿದರು.

ಆಗ ಹುಡುಗಿ ಒಂದು ಕೆಲಸ ಮಾಡಿದಳು. ನಾನು ಮೊದಲೇ ಮಾಡಿಸಬೇಕಿತ್ತು. ಮೊದಲ ತಪ್ಪು ಸಂದೇಶವನ್ನೇ ಬಿಟ್ ಬಿಟ್ ಬಿಡಿಸಿ ಬರೆದಳು, ಮೇಲೆ ಕಳಿಸಿದ್ದು, ಕೆಳಗೆ ಬಂದದ್ದು.

ತ ಅಂದರೆ 30, ಅದು 011110. ಬಂದದ್ದು 011111, ಅಂದರೆ ಥ. ಒ ಅಂದರೆ 001010, ಬಂದದ್ದು 001111, ಅದು ಕ. ಗ ಅಂದರೆ 010001, ಬಂದದ್ದು 011001, ಅದು ಟ. ಅ ಪೂರ್ತಿ ಸೊನ್ನೆ, ಆದರೂ ಮೊದಲನೆಯದು 1 ಆಗಿ ದ ಬಂತು. ರ ಹೋಗಿ 61 ಆಗಿತ್ತು, ಅಷ್ಟು ಅಕ್ಷರ ಕನ್ನಡದಲ್ಲಿ ಇಲ್ಲ.

ನೋಡಿ, ಒಂದೇ ಒಂದು 1 ಕೂಡ ಕಳೆದು ಹೋಗಿಲ್ಲ. ಕಳಿಸಿದ 12 ಒಂದುಗಳೂ ಬಂದಿವೆ. ತಪ್ಪಿದ್ದೆಲ್ಲ 1ರ ಹಿಂದೆಯೇ ಬಂದ ಸೊನ್ನೆಗಳು, ಅವೂ ಒಂದಾಗಿಬಿಟ್ಟಿದ್ದವು. ಅಂದ್ರೆ ವಾಸನೆ ತಲುಪ್ತಿಲ್ಲ ಅನ್ನೋದು ಸುಳ್ಳು. ತಲುಪಿದ ವಾಸನೆ ಹೋಗ್ತಿಲ್ಲ.

ಸೀರಿಯಲ್ ಮಾನಿಟರಿನಲ್ಲಿ, ಅಂದರೆ ಸೆನ್ಸರಿನ ರೀಡಿಂಗ್ ತೋರಿಸೋ ಕಂಪ್ಯೂಟರ್ ಪರದೆಯಲ್ಲಿ, ಸಂಖ್ಯೆ ಓಡೋದನ್ನು ಕೂತು ನೋಡಿದೆವು. ಸುಮ್ನೆ ಇದ್ದಾಗ 180ರ ಆಸುಪಾಸು. ಒಂದು ಸಲ ವಾಸನೆ ಬಿಟ್ಟರೆ ಎರಡು ಸೆಕೆಂಡಿಗೆ 500 ದಾಟುತ್ತೆ. ಇಳಿಯೋದು ಮಾತ್ರ ಮದುವೆ ಮನೆಯಿಂದ ನೆಂಟರು ಹೊರಟ ಹಾಗೆ. 480, 470, 455. ಮುಂದಿನ ಬಿಟ್ ಓದೋ ಹೊತ್ತಿಗೂ 400ರ ಮೇಲೇ ಇರುತ್ತೆ, ಮತ್ತೆ 400 ಅನ್ನೋದೇ ನಾವು ಇಟ್ಟ ಗಡಿ.

ಯಾಕೆ ಇಷ್ಟು ನಿಧಾನ ಅಂತ ತಿಳೀಬೇಕಾದರೆ ಸೆನ್ಸರ್ ಒಳಗೆ ನೋಡಬೇಕು. ಅಲ್ಲಿರೋದು ತವರದ ಆಕ್ಸೈಡಿನ ಪದರ, ಹೀಟರ್ ಅದನ್ನು ಸುಡು ಬಿಸಿ ಇಟ್ಟಿರುತ್ತೆ. ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಕರೆಂಟ್ ಕಷ್ಟಪಟ್ಟು ಹರಿಯುತ್ತೆ. ಸ್ಪಿರಿಟ್ ಆವಿ ಬಂದರೆ ಆ ಆಮ್ಲಜನಕದ ಜೊತೆ ಉರಿದು ಎಲೆಕ್ಟ್ರಾನುಗಳನ್ನು ಬಿಡಿಸುತ್ತೆ, ಕರೆಂಟ್ ಸಲೀಸಾಗುತ್ತೆ, ನಮ್ಮ ಸಂಖ್ಯೆ ಏರುತ್ತೆ. ವಾಪಸ್ ಇಳೀಬೇಕಾದರೆ ಆವಿ ಪೂರ್ತಿ ಹೋಗಬೇಕು, ಆಮ್ಲಜನಕ ಮತ್ತೆ ಬಂದು ಕೂರಬೇಕು. ಸೆನ್ಸರಿನ ಮೇಲಿನ ಸ್ಟೀಲ್ ಜಾಲರಿಯೊಳಗೆ ಸ್ವಲ್ಪ ಆವಿ ಸಿಕ್ಕಿಕೊಂಡಿರುತ್ತೆ. ಪ್ಲಾಸ್ಟಿಕ್ ಟ್ಯೂಬ್ ಕೂಡ ವಾಸನೆ ಕುಡಿದು ಆಮೇಲೆ ನಿಧಾನಕ್ಕೆ ಬಿಡುತ್ತೆ.

ಸರಿ, ಹಾಗಾದರೆ ಕಾಯೋಣ ಅಂತ ಒಂದು ಬಿಟ್‌ಗೆ 20 ಸೆಕೆಂಡ್ ಮಾಡಿದರು. ‘ತೊಗರಿ’ ಸರಿಯಾಗಿ ಬಂತು. ಹನ್ನೆರಡು ನಿಮಿಷ ಹಿಡಿಯಿತು. ವೈವಾದಲ್ಲಿ ಒಂದು ತಂಡಕ್ಕೆ ಕೊಡೋದೇ ಹದಿನೈದು ನಿಮಿಷ.

ಇಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಚಾಚಾ ಬಂದರು. ದರ್ಗಾ ಹತ್ತಿರ ಅತ್ತರ್ ಮಾರೋರು, ನನ್ನ ಅಪ್ಪನ ಕಾಲದಿಂದ ಪರಿಚಯ. ಎಮರ್ಜೆನ್ಸಿ ಲೈಟ್ ರಿಪೇರಿಗೆ ಕೊಟ್ಟಿದ್ದರು. ಟೇಬಲ್ ಮೇಲಿನ ಸಂಸಾರ ನೋಡಿ ಏನಪ್ಪಾ ಇದು ಅಂತ ಬಗ್ಗಿದರು. ಅವರು ಬಗ್ಗಿದ್ದೇ ತಡ, ಸಂಖ್ಯೆ 180ರಿಂದ 350, 390, 420. ಕೈಗೆ ಹಚ್ಚಿಕೊಂಡ ಅತ್ತರ್ ಇನ್ನೂ ಹಸಿ ಇತ್ತು.

“ಚಾಚಾ, ಸ್ವಲ್ಪ ಆಚಿ ನಿಂದರ್ರಿ, ಇದು ಆಲ್ಕೋಹಾಲ್ ಸೆನ್ಸರ್,” ಅಂದ ಬೀದರ್ ಹುಡುಗ.

ಮುಗೀತು. ಚಾಚಾರ ಮುಖ ಕೆಂಪಾಯಿತು. “ಏನಂದಿ ಬೇಟಾ? ನನ್ನ ಅತ್ತರ್‌ನಾಗ ಒಂದು ಹನಿ ಶರಾಬ್ ಇಲ್ಲ. ನಮಾಜಿಗೆ ಹಚ್ಕೊಂಡು ಹೋಗ್ತಾರ ಜನ. ನಿನ್ನ ಮಷೀನ್ ಝೂಟ್ ಹೇಳ್ಲಿಕತ್ತದ.”

ಚಾಚಾ ಹೇಳಿದ್ದೇ ಖರೆ. ಆಲ್ಕೋಹಾಲ್ ಸೆನ್ಸರ್ ಅನ್ನೋದು ಮಾರೋದಕ್ಕೆ ಇಟ್ಟ ಹೆಸರು, ನಾನೂ ಹಾಗೆ ಹೇಳಿಯೇ ಮಾರ್ತೀನಿ. ಆ ಬಿಸಿ ಪದರಕ್ಕೆ ಸ್ಪಿರಿಟ್ ಯಾವುದು, ಗುಲಾಬಿ ಎಣ್ಣೆ ಯಾವುದು ಅಂತ ಗೊತ್ತಿಲ್ಲ. ಉರಿಯೋ ಆವಿ ಯಾವುದು ಬಂದರೂ ಹೆಚ್ಚು ಕಡಿಮೆ ಕುಣಿಯುತ್ತೆ. ಇದನ್ನು ಬಿಡಿಸಿ ಹೇಳಿ, ಚಹಾ ತರಿಸಿ ಸಮಾಧಾನ ಮಾಡಿದೆವು. ಚಹಾ ಕುಡೀತಾ ಹುಡುಗಿ ಕೇಳಿದಳು, ನಿಮ್ಮಲ್ಲಿ ಒಂದೇ ಗಿರಾಕಿಗೆ ಹತ್ತು ಅತ್ತರ್ ತೋರಿಸ್ತೀರಲ್ಲ, ಮೂಗಿನಲ್ಲಿ ಕಲಸಿ ಹೋಗಲ್ವಾ?

“ಹೋಗ್ತದಲ್ಲಮ್ಮಾ. ಅದಕ್ಕೇ ಎರಡು ಮೂರು ಆದ್ಮ್ಯಾಲ ಹೊರಗ ಕಳಿಸ್ತೀನಿ. ರಸ್ತೆದಾಗ ನಿಂತು ಗಾಳಿ ತಗೊಂಡು ಬರ್ರಿ ಅಂತೀನಿ. ಹಳೇದು ಹೋಗ್ಲಿಕ್ಕೆ ಬಿಡದ ಹೊಸದು ಕೊಟ್ರ ಎಲ್ಲಾ ಒಂದೇ ಅನಿಸ್ತದ.”

ಹುಡುಗಿ ಗ್ಲಾಸ್ ಕೆಳಗಿಟ್ಟಳು. ಇಷ್ಟು ದಿನ ನಾವು ಕಳಿಸೋ ಕಡೆಯ ಮೋಟರ್, ಫ್ಯಾನ್, ಬಾಟಲಿಗೇ ಕೈ ಹಾಕ್ತಿದ್ದೆವು. ತಗೊಳ್ಳೋ ಕಡೆ ಗಾಳಿ ಹೊರಗೆ ಕಳಿಸೋ ಏರ್ಪಾಡೇ ಇರಲಿಲ್ಲ. ಸೆನ್ಸರ್ ಗೋಡೆ ಕಡೆ ಬೆನ್ನು ಮಾಡಿ ಕೂತಿತ್ತು, ಬಂದ ವಾಸನೆ ಗೋಡೆಗೆ ಬಡಿದು ಅಲ್ಲೇ ಸುತ್ತುತ್ತಿತ್ತು.

ಹುಳಗಳು ಇದನ್ನು ಹೇಗೆ ಮಾಡ್ತವೆ ಅಂತ ಆಮೇಲೆ ಓದಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು. ಪತಂಗದ ಮೀಸೆಯ ಸಣ್ಣ ಸಣ್ಣ ಕೂದಲಿನೊಳಗೆ ವಾಸನೆಯನ್ನು ಒಡೆದು ಹಾಕೋ ಕಿಣ್ವಗಳೇ ಇವೆ. ಪಾಲಿಫೀಮಸ್ ಅಂತ ಅಮೆರಿಕದ ಒಂದು ದೊಡ್ಡ ಪತಂಗ, ನಮ್ಮ ಟಸ್ಸಾರ್ ರೇಷ್ಮೆ ಹುಳದ ಕುಲದ್ದೇ. ಅದರ ಮೀಸೆಯಲ್ಲಿ ಬಂದ ಫೆರೋಮೋನಿನ ಅರ್ಧ ಭಾಗ ಸುಮಾರು 15 ಮಿಲಿಸೆಕೆಂಡಿನಲ್ಲಿ ಒಡೆದು ಹೋಗುತ್ತೆ ಅಂತ 1985ರಲ್ಲೇ ಲೆಕ್ಕ ಹಾಕಿದ್ದಾರೆ. ಸೆಕೆಂಡಿನ ಸಾವಿರ ಭಾಗದಲ್ಲಿ ಹದಿನೈದು! ನಮ್ಮ ಸೆನ್ಸರಿಗೆ ಇಪ್ಪತ್ತು ಸೆಕೆಂಡ್ ಬೇಕಾಯಿತು. ಪತಂಗಕ್ಕೆ ಈ ಅವಸರ ಸುಮ್ನೆ ಬಂದಿಲ್ಲ. ಗಾಳಿಯಲ್ಲಿ ವಾಸನೆ ಅಗರಬತ್ತಿ ಹೊಗೆ ಹಾಗೆ ಎಳೆ ಎಳೆಯಾಗಿ ಬರುತ್ತೆ, ನಡು ನಡುವೆ ಖಾಲಿ ಗಾಳಿ. ಎಳೆ ಸಿಕ್ಕರೆ ಗಾಳಿಗೆ ಎದುರಾಗಿ ಹಾರುತ್ತೆ, ಎಳೆ ತಪ್ಪಿದರೆ ಅಡ್ಡಡ್ಡ ಓಲಾಡಿ ಹುಡುಕುತ್ತೆ. ಹೋದ ಕ್ಷಣದ ವಾಸನೆ ಮೂಗಿನಲ್ಲೇ ಉಳಿದರೆ ಎಳೆ ತಪ್ಪಿದ್ದೇ ಅದಕ್ಕೆ ಗೊತ್ತಾಗಲ್ಲ.

ನಮ್ಮ ಹತ್ತಿರ ಕಿಣ್ವ ಇಲ್ಲ. ಫ್ಯಾನ್ ಇದೆ. ಸೆನ್ಸರ್ ಹಿಂದೆ ಒಂದು ಎಗ್ಸಾಸ್ಟ್ ಫ್ಯಾನ್ ಕೂರಿಸಿ, ಗಾಳಿ ಕಿಟಕಿಯಿಂದ ಆಚೆ ಹೋಗೋ ಹಾಗೆ ರಟ್ಟಿನ ಕೊಳವೆ ಮಾಡಿದೆವು. ಜೊತೆಗೆ ಹುಡುಗಿ ಪ್ರೋಗ್ರಾಮ್ ಬದಲಿಸಿದಳು. ಸಂಖ್ಯೆ 400 ದಾಟಿತಾ ಅಂತ ನೋಡೋದು ಬಿಟ್ಟು, ಈಗ ಏರ್ತಿದೆಯಾ ಇಳೀತಿದೆಯಾ ಅಂತ ನೋಡೋದು. ಏರಿದರೆ 1, ಇಳಿದರೆ ಅಥವಾ ಸುಮ್ನಿದ್ದರೆ 0. ಇದೂ ಹುಳದ ಬುದ್ಧಿಯೇ. ವಾಸನೆ ಒಂದೇ ಸಮ ಬರ್ತಿದ್ದರೆ ಅವುಗಳ ನರ ಸುಸ್ತಾಗಿ ಸುಮ್ಮನಾಗುತ್ತೆ, ಬದಲಾದಾಗ ಎದ್ದು ಕೂಗುತ್ತೆ. ಬಿಟ್‌ಗೆ 8 ಸೆಕೆಂಡ್ ಸಾಕಾಯಿತು. ‘ತೊಗರಿ’ ಐದು ನಿಮಿಷದೊಳಗೆ ಬರತೊಡಗಿತು.

ಅತ್ತರ್ ಸಮಸ್ಯೆ ಮಾತ್ರ ಹಾಗೇ ಇತ್ತು. ಬಂದ ವಾಸನೆ ನಮ್ಮ ಡಬ್ಬಿಯದ್ದೋ, ಚಾಚಾರ ಕೈಯದ್ದೋ ಅಂತ ತಿಳಿಯೋದು ಹೇಗೆ? ಉತ್ತರ ಅಪ್ಪನ ಹೊಲದಲ್ಲೇ ಇತ್ತು. ನಮ್ಮ ಕಾಯಿಕೊರಕದ ಹೆಣ್ಣು ಬಿಡೋದು ಒಂದೇ ವಸ್ತು ಅಲ್ಲ, ಮುಖ್ಯವಾಗಿ ಎರಡರ ಬೆರಕೆ. ಹೆಚ್ಚು ಕಡಿಮೆ 97ಕ್ಕೆ 3ರ ಅಳತೆ. ಅದರ ದಾಯಾದಿ ಹುಳವೊಂದಿದೆ, ತಂಬಾಕು, ಮೆಣಸಿನಕಾಯಿ ತಿನ್ನೋದು. ಅದೂ ಬಿಡೋದು ಅವೇ ಎರಡು ವಸ್ತು, ಆದರೆ ಅಳತೆ ತಿರುಗಾಮುರುಗಾ. ಅದರಲ್ಲಿ ಜಾಸ್ತಿ ಇರೋದು ಇದರಲ್ಲಿ ಕಡಿಮೆ. ಇವನ ಹೆಣ್ಣಿನ ಹತ್ತಿರ ಅವನು ಹೋಗಲ್ಲ. ವಾಸನೆ ದೂರ ಹೋದಷ್ಟೂ ತೆಳುವಾಗುತ್ತೆ, ಆದರೆ ಎರಡೂ ಒಟ್ಟಿಗೇ ತೆಳುವಾಗೋದರಿಂದ ಬೆರಕೆಯ ಅಳತೆ ಹಾಗೇ ಉಳಿಯುತ್ತೆ. ಸಾರು ನೀರಾದರೂ ಯಾರ ಮನೆ ಸಾರು ಅಂತ ಗೊತ್ತಾಗುತ್ತಲ್ಲ, ಹಾಗೆ.

ಇದನ್ನು ನಕಲು ಮಾಡೋಕೆ ಹೋಗಿ ಎರಡು ವಾರ ಕಳೆದೆವು, ಸಿಕ್ಕಿದ್ದು ಅರ್ಧ. ಸ್ಪಿರಿಟ್ ಜೊತೆ ಉಗುರು ಬಣ್ಣ ತೆಗೆಯೋ ಅಸಿಟೋನ್ ಇಟ್ಟು, ಎಂಕ್ಯೂ-3 ಪಕ್ಕ ಎಂಕ್ಯೂ-135 ಅನ್ನೋ ಇನ್ನೊಂದು ಗ್ಯಾಸ್ ಸೆನ್ಸರ್ ಕೂರಿಸಿ, ಎರಡರ ರೀಡಿಂಗನ್ನು ಭಾಗಿಸಿ ನೋಡಿದೆವು. ಒಂದು ಮೀಟರಿನಲ್ಲಿ ಬಂದ ಉತ್ತರ ಎರಡು ಮೀಟರಿನಲ್ಲಿ ಬರಲಿಲ್ಲ. ಡೇಟಾಶೀಟಿನ ಗ್ರಾಫ್ ಮತ್ತೆ ತೆಗೆದಾಗ ಗೊತ್ತಾಯಿತು, ಅದರ ಎರಡೂ ಬದಿ ಲಾಗ್ ಅಳತೆ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಏರೋದು. ಆವಿ ಎರಡು ಪಟ್ಟಾದರೆ ಸೆನ್ಸರಿನ ಉತ್ತರ ಎರಡು ಪಟ್ಟಾಗಲ್ಲ, ಒಂದೊಂದು ಸೆನ್ಸರಿಗೆ ಒಂದೊಂದು ಇಳಿಜಾರು. ನೇರ ಭಾಗಿಸಿದರೆ ತಪ್ಪು, ಲಾಗ್ ತೆಗೆದು ಆ ಇಳಿಜಾರನ್ನು ಲೆಕ್ಕಕ್ಕೆ ಹಿಡಿದು ಆಮೇಲೆ ಹೋಲಿಸಬೇಕು. ಹಾಗೆ ಮಾಡಿದ ಮೇಲೆ ಸ್ಪಿರಿಟ್ ಜಾಸ್ತಿ ಇರೋ ಡಬ್ಬಿ ಯಾವುದು, ಅಸಿಟೋನ್ ಜಾಸ್ತಿ ಇರೋದು ಯಾವುದು ಅಂತ ಹೇಳೋಷ್ಟು ಬಂತು. ಅತ್ತರನ್ನು ಕೆಲವು ಸಲ ಹೊರಗಿಟ್ಟಿತು, ಕೆಲವು ಸಲ ಮೋಸ ಹೋಯಿತು. ಮೋಸ ಹೋಗೋದರಲ್ಲಿ ನಾಚಿಕೆ ಏನಿಲ್ಲ ಬಿಡಿ. ಬೋಲಾಸ್ ಅನ್ನೋ ಜೇಡ ಹೆಣ್ಣು ಪತಂಗದ ವಾಸನೆ ತಾನೇ ತಯಾರಿಸಿ ಗಂಡುಗಳನ್ನು ಕರೆದು ತಿನ್ನುತ್ತೆ. ಮೋಹಕ ಬಲೆಯೂ ಮಾಡೋದು ಅದನ್ನೇ.

ಕೂಲರ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಮೇ ತಿಂಗಳ ಕಲಬುರಗಿ, ಹೊರಗೆ 40 ಡಿಗ್ರಿ ದಾಟಿತ್ತು. ಕಾಲೇಜಿನ ಲ್ಯಾಬಿನಲ್ಲಿ ಡಬ್ಬಿಗಳನ್ನು ಇಟ್ಟು ರಿಹರ್ಸಲ್ ಮಾಡೋವಾಗ ಯಾರೋ ಕೂಲರ್ ಹಾಕಿದರು. ಸಂಖ್ಯೆ ತಾನಾಗಿ ಏರತೊಡಗಿತು. ನೀರಿನ ಆವಿಗೂ ಈ ಸೆನ್ಸರ್ ಓಗೊಡುತ್ತೆ, ಅಷ್ಟೇ. ಕೂಲರ್ ಮೊದಲೇ ಹಾಕಿ ಅರ್ಧ ಗಂಟೆ ಬಿಟ್ಟು, ಆಗ ಇರೋ ಸಂಖ್ಯೆಯನ್ನೇ ತಳ ಅಂತ ಹಿಡಿದರೆ ಸರಿಹೋಯಿತು.

ವೈವಾ ದಿನ ನಾನೂ ಹೋಗಿದ್ದೆ, ಬಾಗಿಲ ಹತ್ತಿರ ನಿಂತಿದ್ದೆ. ಎಕ್ಸ್‌ಟರ್ನಲ್ ವಯಸ್ಸಾದವರು, ಆರಾಮಾಗಿ ಕುರ್ಚಿ ಎಳೆದುಕೊಂಡು ಕೂತರು. ತ ಬಂತು. ಅಷ್ಟರಲ್ಲಿ ಪಕ್ಕದ ತಂಡದವರು ಇಣುಕಿದರು. ಒ. ಗ. ನಾಲ್ಕನೆಯ ಅಕ್ಷರ ಪೂರ್ತಿ ಸೊನ್ನೆ, 48 ಸೆಕೆಂಡ್ ಏನೂ ಆಗಲಿಲ್ಲ, ಎಕ್ಸ್‌ಟರ್ನಲ್ ಗಡಿಯಾರ ನೋಡಿದರು. ಅ. ಆಮೇಲೆ ರ. ಇನ್ನೊಂದೇ ಅಕ್ಷರ ಅನ್ನೋವಾಗ ಎಲ್ಲರೂ ಟೇಬಲ್ ಸುತ್ತ ಮುತ್ತಿಕೊಂಡರು, ಹಿಂದಿದ್ದವರು ಮುಂದಿದ್ದವರ ಹೆಗಲ ಮೇಲಿಂದ ಬಗ್ಗಿದರು. ಪರದೆ ಮೇಲೆ ಬಂದದ್ದು ಈ.

“ತೊಗರೀ,” ಅಂತ ಎಕ್ಸ್‌ಟರ್ನಲ್ ಎಳೆದು ಓದಿದರು. “ಗಂಜ್‌ನಾಗ ಕೂಗಿದಂಗ ಅದಲ್ಲ.”

ಗಂಜ್ ಅಂದರೆ ನಮ್ಮ ಕಾಳುಕಡಿ ಮಾರುಕಟ್ಟೆ. ಎಲ್ಲರೂ ನಕ್ಕರು. ಜೇವರ್ಗಿ ಹುಡುಗನ ಮುಖ ಇಳಿಯಿತು. ಹುಡುಗಿ ಮಾತ್ರ ಸೀದಾ ಬೋರ್ಡಿನ ಹತ್ತಿರ ಹೋಗಿ ಎರಡು ಸಾಲು ಬರೆದಳು. ಇ ಅಂದರೆ 000010. ಈ ಅಂದರೆ 000011. ಕೊನೆಯ ಸೊನ್ನೆ 1ರ ಹಿಂದೆಯೇ ಇದೆ, ಅದಕ್ಕೇ ತಪ್ಪಿತು, ಯಾಕಂದ್ರೆ ಸರ್, ನೀವೆಲ್ಲರೂ ಎಗ್ಸಾಸ್ಟ್ ಫ್ಯಾನಿಗೆ ಅಡ್ಡ ನಿಂತಿದ್ದೀರಿ. ದಯವಿಟ್ಟು ಸ್ವಲ್ಪ ಸರಿಯಿರಿ. ಜನ ಸರಿದರು. ಕೊನೆ ಅಕ್ಷರ ಒಂದನ್ನೇ ಮತ್ತೆ ಕಳಿಸಿದಳು. ಇ ಬಂತು. ಎಕ್ಸ್‌ಟರ್ನಲ್ ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಆ ಒಂದು ಸೊನ್ನೆ ಮೇಲೇ.

ಡಬ್ಬಿಗಳು ಈಗ ನನ್ನ ಅಂಗಡಿಯಲ್ಲಿವೆ. ಜೂನ್‌ನಲ್ಲಿ ಬಿತ್ತನೆ ಬೀಜಕ್ಕೆ ಗಂಜ್‌ಗೆ ಬಂದಿದ್ದ ಹುಡುಗನ ಅಪ್ಪ ನೋಡೋಕೆ ಬಂದರು. ಕೈಚೀಲದಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಹಳೇ ಲ್ಯೂರ್‌ಗಳಿದ್ದವು. ಮುಗಿದ ಲ್ಯೂರನ್ನು ಹೊಲದಲ್ಲಿ ಬಿಸಾಕಬಾರದು, ಗಂಡು ಹುಳ ಬಲೆ ಬಿಟ್ಟು ಅಲ್ಲಿಗೆ ಹೋಗುತ್ತೆ ಅಂತ ಎತ್ತಿಟ್ಟಿದ್ದರು.

“ನಿಮ್ಮ ಡಬ್ಬಿಗೆ ಇದರ ವಾಸನಿ ಗೊತ್ತಾಗ್ತದೇನ್ರಿ?”

ಸೆನ್ಸರ್ ಮುಂದೆ ಹಿಡಿದೆವು. 181, 180, 181. ಇನ್ನೊಂದು ಹಿಡಿದರೂ ಅಷ್ಟೇ. ಎಂಕ್ಯೂ-3ಗೆ ಒಂದು ಲೀಟರ್ ಗಾಳಿಯಲ್ಲಿ 0.05 ಮಿಲಿಗ್ರಾಂ ಆದರೂ ಆಲ್ಕೋಹಾಲ್ ಆವಿ ಬೇಕು ಅಂತ ಡೇಟಾಶೀಟ್ ಹೇಳುತ್ತೆ. ಗಂಡು ರೇಷ್ಮೆ ಪತಂಗದ ಮೀಸೆಯ ಒಂದು ನರಕೋಶ ಎಚ್ಚರವಾಗೋಕೆ ಬಾಂಬಿಕೋಲ್‌ನ ಒಂದೇ ಒಂದು ಅಣು ಸಾಕು. ಇಷ್ಟನ್ನೂ ಅವರಿಗೆ ಹೇಳಿದೆ. ಅವರು ಲ್ಯೂರ್‌ಗಳನ್ನು ಮತ್ತೆ ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ಹಂಗಾದ್ರ ಆ ತಗಡು ಯಾಕ ಬೇಕ್ರಿ? ಗಂಡು ಹುಳದ ಮೀಸಿಗೇ ವೈರ್ ಹಚ್ಚಿಬಿಡ್ರಿ.”

ನಾನು ಸುಮ್ಮನೆ ಅವರ ಮುಖ ನೋಡಿದೆ. ಜರ್ಮನಿಯ ಡೀಟ್ರಿಚ್ ಶ್ನೈಡರ್ 1957ರಲ್ಲಿ ಮಾಡಿದ್ದು ಇದನ್ನೇ, ರೇಷ್ಮೆ ಪತಂಗದ ಮೀಸೆಗೆ ತಂತಿ ಹಚ್ಚಿ ವಾಸನೆ ತಾಗಿದಾಗ ಬರೋ ವೋಲ್ಟೇಜ್ ಅಳೆದದ್ದು. 2020ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪತಂಗದ ಮೀಸೆಯನ್ನೇ ಡ್ರೋನಿಗೆ ಕಟ್ಟಿ ವಾಸನೆ ಹಿಂದೆ ಹಾರಿಸಿದ್ದರು. ಹೇಳಿದೆ. ಅವರಿಗೆ ಅದೇನೂ ದೊಡ್ಡದು ಅನಿಸಲಿಲ್ಲ.

“ನವೆಂಬರ್‌ದಾಗ ಹುಳಾ ಏಳ್ತಾವ. ಎರಡು ಡಬ್ಬಿದಾಗ ಹಾಕಿ ಹುಡುಗನ ಕೈಲಿ ಕಳಿಸ್ತೀನಿ, ಜೀವಂತ,” ಅಂದು ಬೀಜದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟರು.